ಅತ್ತೆ ಹಾಕಿದ ಚಾನೆಲ್

ಆ ಮನೆಯಲ್ಲಿ ಅತ್ತೆ ನೋಡಿದ್ದೇ ಟಿವಿ. ಕೇಬಲ್ ವೈರು ಚಾವಣಿಯಿಂದ ಇಳಿದು ಹಿಂದಿನ ಕೋಣೆಯ ಕಿಟಕಿಯಲ್ಲಿ ಒಳಗೆ ಬರುತ್ತಿತ್ತು, ಆ ಕೋಣೆ ಅತ್ತೆಯದು. ಬಾಕ್ಸ್ ಅಲ್ಲೇ, ರಿಮೋಟೂ ಅಲ್ಲೇ. ಅಲ್ಲಿಂದ ಒಂದು ವೈರು ಹಾಲಿಗೆ, ಇನ್ನೊಂದು ಅಡುಗೆಮನೆಯ ಫ್ರಿಜ್ ಮೇಲಿದ್ದ ಪುಟ್ಟ ಟಿವಿಗೆ. ಅತ್ತೆ ಯಾವ ನಂಬರ್ ಒತ್ತಿದರೂ ಮೂರು ಕಡೆಯೂ ಅದೇ. ಮಗ ಹಾಲಿನಲ್ಲಿ ಕಾಲು ಚಾಚಿಕೊಂಡು "ಅಮ್ಮಾ, ಮ್ಯಾಚ್ ಹಾಕು" ಎಂದು ಗಂಟಲು ಹರಿಯುವಂತೆ ಕೂಗುತ್ತಿದ್ದ. ಸೊಸೆಗೆ ಕೂಗುವ ಅಧಿಕಾರವೂ ಇರಲಿಲ್ಲ. ಅತ್ತೆಯ ಮನಸ್ಸು ಚೆನ್ನಾಗಿದ್ದ ದಿನ ಅವಳ ಧಾರಾವಾಹಿ ಫ್ರಿಜ್ ಮೇಲೆ ಬರುತ್ತಿತ್ತು, ಕೆಟ್ಟಿದ್ದ ದಿನ ಬರುತ್ತಿರಲಿಲ್ಲ. ಕೆಟ್ಟಿದ್ದ ದಿನಗಳೇ ಜಾಸ್ತಿ.

ಆಮೇಲೆ ಅತ್ತೆಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಹೋಯಿತು, ಮಾತು ನಿಂತಿತು. ಊರನ್ನೆಲ್ಲ ನಡುಗಿಸಿದ ನಾಲಿಗೆ ಬಾಯಿಯೊಳಗೆ ಸುಮ್ಮನೆ ಮಲಗಿಬಿಟ್ಟಿತು. ಕಿವಿ ಮಾತ್ರ ಮೊದಲಿಗಿಂತ ಚುರುಕು. ಕರೆಯಲಿಕ್ಕೆಂದು ಮಗ ಒಂದು ಗಂಟೆ ತಂದು ತಲೆದಿಂಬಿನ ಪಕ್ಕದಲ್ಲಿಟ್ಟ. ಅತ್ತೆ ಅದನ್ನು ಎಡಗೈಯಿಂದ ನೆಲಕ್ಕೆ ತಳ್ಳಿದರು. ಮತ್ತೆ ಇಟ್ಟರೆ ಮತ್ತೆ ತಳ್ಳಿದರು. ಸೊಸೆ ಬಗ್ಗಿ ಬಗ್ಗಿ ಸಾಕಾಗಿ ಅದನ್ನು ಎಲ್ಲೋ ಎತ್ತಿಟ್ಟಳು. ರಿಮೋಟ್ ಮಾತ್ರ ಆ ಎಡಗೈ ಬಿಟ್ಟು ಅಲುಗಲಿಲ್ಲ.

ಹೊಸದರಲ್ಲಿ ಚಾನೆಲ್ ಹುಚ್ಚುಹುಚ್ಚಾಗಿ ಬದಲಾಗುತ್ತಿತ್ತು. "ಅಮ್ಮನಿಗೆ ಏನೂ ತಿಳಿಯಲ್ಲ ಪಾಪ, ಮಕ್ಕಳ ಹಾಗೆ ಒತ್ತುತ್ತಾ ಇರ್ತಾಳೆ" ಎಂದ ಗಂಡ. ಹುಚ್ಚಾಟವಲ್ಲ ಎಂದು ಗೊತ್ತಾಗಿದ್ದು ಅಡುಗೆಮನೆಯಲ್ಲಿದ್ದವಳಿಗೆ. ವಾರ್ತೆ ಬಂದಾಗೆಲ್ಲ ಒಳಗೆ ಹೋಗಿ ನೋಡಿದರೆ ಅತ್ತೆಯ ತುಟಿ ಒಣಗಿರುತ್ತಿತ್ತು. ಹಳೆಯ ಕಪ್ಪು-ಬಿಳುಪು ಸಿನಿಮಾ ಬಂದರೆ ಮಗ್ಗುಲು ಬದಲಿಸಬೇಕು. ಏನೂ ಬಾರದ, ಬರೀ ನೀಲಿ ಪರದೆಯ ನಂಬರ್ ಬಂದರೆ ಕೈಯಲ್ಲಿರುವುದನ್ನು ಬಿಟ್ಟು ಓಡಬೇಕು, ಇಲ್ಲದಿದ್ದರೆ ಹಾಸಿಗೆ ಒಗೆಯಬೇಕು. ಇಬ್ಬರೂ ಇದನ್ನು ಕೂತು ಗೊತ್ತು ಮಾಡಿಕೊಂಡದ್ದಲ್ಲ. ಒಬ್ಬರ ಹಟ, ಇನ್ನೊಬ್ಬರ ಓಡಾಟ ಸೇರಿ ತಾನಾಗಿ ಆದದ್ದು.

ಒಂದು ದಿನ ಗಂಡ ಊಟಕ್ಕೆ ಕೂತು ಸಾರಿಗೆ ಉಪ್ಪಿಲ್ಲ ಎಂದು ಮುಖ ಸಿಂಡರಿಸಿದ. ತಕ್ಷಣ ಫ್ರಿಜ್ ಮೇಲೆ ಅಡುಗೆ ಹೇಳಿಕೊಡುವ ಚಾನೆಲ್ ಪ್ರತ್ಯಕ್ಷವಾಯಿತು. ಸೊಸೆ ಸೆರಗು ಬಾಯಿಗಿಟ್ಟುಕೊಂಡು ಹಿಂದಿನ ಕೋಣೆಗೆ ಹೋದಳು. ಅತ್ತೆಯ ಬಾಯಿಯ ಎಡತುದಿ ಮೇಲಕ್ಕೆ ಹೋಗಿತ್ತು. ಮದುವೆಯಾಗಿ ಬಂದಮೇಲೆ ಅತ್ತೆ-ಸೊಸೆ ಒಂದೇ ವಿಷಯಕ್ಕೆ ನಕ್ಕಿದ್ದು ಅದೇ ಮೊದಲು. ಇನ್ನೊಂದು ದಿನ ಧಾರಾವಾಹಿ ಮುಗಿಯುವವರೆಗೂ ಚಾನೆಲ್ ಬದಲಾಗಲೇ ಇಲ್ಲ. ಒಳಗೆ ಹೋಗಿ ನೋಡಿದರೆ ಅತ್ತೆಗೆ ಬಾಯಾರಿ ತುಟಿ ಬಿರಿದಿತ್ತು. ಅವಳಿಗಾಗಿ ಕಾದಿದ್ದರು. ಸೊಸೆ ಲೋಟ ಹಿಡಿದು ನಿಧಾನವಾಗಿ ನೀರು ಕುಡಿಸಿದಳು.

ಇದನ್ನು ಅವಳು ಗಂಡನಿಗೂ ಹೇಳಲಿಲ್ಲ, ತನ್ನ ಮಗಳಿಗೂ ಹೇಳಲಿಲ್ಲ. ಆ ಮನೆಯಲ್ಲಿ ಪಾತ್ರೆಯಿಂದ ಹಿಡಿದು ಪರದೆಯವರೆಗೆ ಎಲ್ಲವೂ ಯಾರ್‍ಯಾರದೋ ಆಗಿದ್ದವು. ಇದೊಂದು ಅವಳದಾಗಿತ್ತು.

ಆದರೆ ದಣಿವು ಅಂತ ಒಂದಿದೆಯಲ್ಲ. ಒಲೆಯ ಮುಂದೆ ನಿಂತರೂ ಕಣ್ಣು ಫ್ರಿಜ್ ಮೇಲೆ. ಬಟ್ಟೆ ಒಣಹಾಕಲು ಹೊರಗೆ ಹೋದರೂ ಕಿವಿ ಟಿವಿಯ ಮೇಲೆ. ಧಾರಾವಾಹಿಯ ಕಥೆಯಲ್ಲಿ ಕಳೆದುಹೋದ ಮಗಳು ಇನ್ನೇನು ತಾಯಿಯ ಮುಂದೆ ಬಂದು ನಿಂತಳು ಎನ್ನುವಾಗ ನೀಲಿ ಪರದೆ. ಅವಳು ಓಡುತ್ತಿದ್ದಳು. ಓಡುತ್ತಾ ಮನಸ್ಸಿನಲ್ಲೇ ಶಪಿಸುತ್ತಲೂ ಇದ್ದಳು.

ಅತ್ತ ಹಾಲಿನಲ್ಲಿ ಗಂಡನ ತಾಳ್ಮೆಯೂ ಮುಗಿಯಿತು. ಕೊನೆಯ ಓವರಿನಲ್ಲಿ ವಾರ್ತೆ ಬಂದ ದಿನ ಅವನು ಫೋನ್ ಮಾಡಿ ಎಲ್ಲಾ ಕೋಣೆಗೂ ಬೇರೆ ಬೇರೆ ಬಾಕ್ಸ್ ಹಾಕಿಸಲು ಹೇಳಿಯೇಬಿಟ್ಟ. ಹಾಲು, ಮಹಡಿಯಲ್ಲಿ ಮಗಳ ಕೋಣೆ, ಅಡುಗೆಮನೆ, ಹಿಂದಿನ ಕೋಣೆ. "ಅವರವರ ಟಿವಿ ಅವರವರಿಗೆ. ಯಾರ ಗೋಳೂ ಬೇಡ" ಎಂದ.

ಕೇಬಲ್‌ನವನು ಏಣಿ, ಡ್ರಿಲ್ಲು, ಹೆಗಲಿಗೆ ಸುತ್ತಿದ ಕಪ್ಪು ವೈರಿನ ಸಮೇತ ಬಂದ. ಗೋಡೆ ಕೊರೆದು ಮನೆಯೆಲ್ಲಾ ಧೂಳೆಬ್ಬಿಸಿದ. ಮಗಳ ಕೋಣೆಗೆ, ಹಾಲಿಗೆ ಮೊದಲು ಎಳೆದ. ಆಮೇಲೆ ಹಿಂದಿನ ಕೋಣೆಗೆ ಬಂದು, ಕಿಟಕಿಯ ಬಳಿ ಟೇಪು ಸುತ್ತಿದ್ದ ಹಳೆಯ ಜಾಯಿಂಟನ್ನು ನೋಡಿ ನಕ್ಕ. "ಯಾವ ಪುಣ್ಯಾತ್ಮ ಕಟ್ಟಿದ್ದಮ್ಮಾ ಇದನ್ನ?" ಎನ್ನುತ್ತಾ ಕತ್ತರಿಸಿ ಹಾಕಿದ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಅತ್ತೆ ಕಣ್ಣು ಮುಚ್ಚಿದ್ದರು.

"ಅಡುಗೆಮನೆಗೂ ಬೇರೆ ಬಾಕ್ಸೇ ಹಾಕ್ಲಾ, ಇಲ್ಲ ಅಜ್ಜಿ ಬಾಕ್ಸಿಂದಾನೇ ಎಳೀಲಾ? ಎಳೆದ್ರೆ ಮೊದಲಿನ ಹಾಗೇ, ಅವರು ಹಾಕಿದ್ದೇ ಬರತ್ತೆ ನಿಮಗೆ" ಎಂದು ಅವನು ಕೇಳಿದ.

ಅಜ್ಜಿ ಬಾಕ್ಸಿಂದಾನೇ ಎಳಿ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಹಿಂದಿನ ರಾತ್ರಿಯೂ ಸರಿಯಾಗಿ ನಿದ್ದೆಯಿರಲಿಲ್ಲ, ಸೊಂಟ ಹಿಡಿದುಕೊಂಡಿತ್ತು, ಮೂಗಿನ ತುಂಬಾ ಸುಣ್ಣದ ಧೂಳು. ಆಗಾಗ ಬಂದು ನೋಡಿಕೊಂಡರೆ ಆಯಿತಲ್ಲ ಎಂದುಕೊಂಡಳು.

"ಬೇರೆನೇ ಹಾಕಪ್ಪ. ನನಗೂ ಸಾಕಾಗಿ ಹೋಗಿದೆ."

ಅವನು ಬೇರೆಯದೇ ಹಾಕಿದ.

ಆ ಸಂಜೆ ಫ್ರಿಜ್ ಮೇಲೆ ಅವಳ ಧಾರಾವಾಹಿ ಮೊದಲಿನಿಂದ ಕೊನೆಯವರೆಗೆ ಬಂತು. ಹಾಲಿನಿಂದ ಮ್ಯಾಚಿನ ಗದ್ದಲ, ಮಹಡಿಯಿಂದ ಹಾಡು. ಯಾರೂ ಯಾರನ್ನೂ ಕೂಗಲಿಲ್ಲ. ಅವಳು ಮಣೆ ಹಾಕಿಕೊಂಡು ಕೂತು, ಕಥೆಯ ತಾಯಿಗಾಗಿ ಹಾಯಾಗಿ ಅತ್ತಳು. ಮುಗಿದ ಮೇಲೆ ಇನ್ನೊಂದು ಶುರುವಾಯಿತು, ಅದನ್ನೂ ನೋಡಿದಳು. ಆಗಾಗ ಹೋಗಿ ನೋಡುವ ಮಾತು ತಲೆಯಿಂದ ಹಾರಿಯೇಹೋಗಿತ್ತು. ನೆನಪಾದಾಗ ಧಡಕ್ಕನೆ ಎದ್ದು ಓಡಿದಳು.

ಹಿಂದಿನ ಕೋಣೆಯಲ್ಲಿ ದೀಪ ಹಾಕಿರಲಿಲ್ಲ. ಟಿವಿಯ ನೀಲಿ ಬೆಳಕು ಗೋಡೆಯ ಮೇಲೆ, ಹಾಸಿಗೆಯ ಮೇಲೆ, ಅತ್ತೆಯ ಮುಖದ ಮೇಲೆ ಬಿದ್ದಿತ್ತು. ಹಾಸಿಗೆ ಒದ್ದೆಯಾಗಿ ತಣ್ಣಗಾಗಿತ್ತು. ಅತ್ತೆ ಇನ್ನೂ ಒತ್ತುತ್ತಿದ್ದರು, ಅದೇ ನಂಬರನ್ನು, ಮತ್ತೆ ಮತ್ತೆ.

"ಗೊತ್ತಾಗ್ಲಿಲ್ಲ ಅತ್ತೆ" ಎಂದಳು. ಅದು ನಿಜವೇ ಆಗಿತ್ತು, ಆದ್ದರಿಂದಲೇ ಅವಳಿಗೆ ತನ್ನ ಮಾತನ್ನು ತಾನೇ ಕೇಳಲಾಗಲಿಲ್ಲ. ಬಟ್ಟೆ ಬದಲಿಸಿ, ಬೆನ್ನೊರೆಸಿ, ಮಗ್ಗುಲು ತಿರುಗಿಸಿದಳು. ಅತ್ತೆ ಒಮ್ಮೆಯೂ ಅವಳ ಮುಖ ನೋಡಲಿಲ್ಲ. ಕೇಬಲ್‌ನವನಿಗೆ ತಾನು ಹೇಳಿದಾಗ ಅತ್ತೆ ಎಚ್ಚರವಾಗಿಯೇ ಇದ್ದರು ಎಂಬುದು ಆಗ ಅವಳಿಗೆ ಹೊಳೆಯಿತು.

ಊಟಕ್ಕೆ ಬಡಿಸುತ್ತಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನ ತುತ್ತು ಅರ್ಧದಲ್ಲೇ ನಿಂತಿತು.

"ಇಷ್ಟು ದಿನ ಅಮ್ಮ ಮಾತಾಡ್ತಿದ್ಲಾ?"

"ಹೂಂ."

"ನಾನು ಹಾಲಿಂದ ಬೈತಾನೇ ಇದ್ದೆನಲ್ಲೇ. ನನಗ್ಯಾಕೆ ಹೇಳ್ಲಿಲ್ಲ ನೀನು?"

ಅವಳು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಅವನು ತಟ್ಟೆ ಸರಿಸಿ ಎದ್ದುಹೋದ. ಹಿಂದಿನ ಕೋಣೆಯ ಬಾಗಿಲವರೆಗೆ ಹೋಗಿ ಅಲ್ಲೇ ನಿಂತ, ಒಳಗೆ ಕಾಲಿಡಲಿಲ್ಲ.

ಕೇಬಲ್‌ನವನನ್ನು ಮತ್ತೆ ಕರೆಸಿದರು. "ಚೆನ್ನಾಗಿರೋದನ್ನ ಕೆಡಿಸಿಕೊಳ್ಳೋರನ್ನ ಇಲ್ಲೇ ನೋಡ್ತಿರೋದು" ಎಂದು ಗೊಣಗುತ್ತಾ ಅವನು ಅಡುಗೆಮನೆಯ ಬಾಕ್ಸ್ ಕಿತ್ತು, ಅತ್ತೆಯ ಬಾಕ್ಸಿನಿಂದ ವೈರು ಎಳೆದ. ರಿಮೋಟ್ ತೆಗೆದುಕೊಂಡು ಒತ್ತಿ ನೋಡಿದ. ಫ್ರಿಜ್ ಮೇಲೂ ಬದಲಾಯಿತು. ಬಾಣಲೆ ಮಾರುವ ಒಂದು ಚಾನೆಲ್‌ಗೆ ಬಿಟ್ಟು ಹೋದ.

ಸೊಸೆ ರಿಮೋಟನ್ನು ಅತ್ತೆಯ ಎಡಗೈಯಲ್ಲಿಟ್ಟಳು. "ಮೊದಲಿನ ಹಾಗೇ ಮಾಡಿಸಿದೀನಿ ಅತ್ತೆ. ನೀವು ಹಾಕಿದ್ದೇ ನನಗೂ ಬರತ್ತೆ. ಒಂದ್ಸಲ ಒತ್ತಿ." ಬೆರಳುಗಳು ಮಡಚಲಿಲ್ಲ. ರಿಮೋಟ್ ಅಂಗೈಯಿಂದ ಜಾರಿ ಹೊದಿಕೆಯ ಮೇಲೆ ಬಿತ್ತು. ಬೆರಳಿಗೆ ಶಕ್ತಿಯಿತ್ತು, ಬೆಳಿಗ್ಗೆ ಚಮಚವನ್ನು ಅವರೇ ಹಿಡಿದಿದ್ದರು.

ಅಂದಿನಿಂದ ಅತ್ತೆ ಏನನ್ನೂ ಕೇಳಲಿಲ್ಲ. ನೀರು ಕೊಟ್ಟರೆ ಕುಡಿದರು, ತಿರುಗಿಸಿದರೆ ತಿರುಗಿದರು. ನೋಡಲು ಬಂದವರು "ಎಷ್ಟು ಶಾಂತ ಆಗಿಬಿಟ್ಟಿದ್ದಾರೆ, ನಿನ್ನ ಪುಣ್ಯ" ಎಂದು ಸೊಸೆಗೆ ಹೇಳಿ ಹೋದರು. ಅಡುಗೆಮನೆಯಲ್ಲಿ ಅವಳು ಹಿಟ್ಟು ನಾದುತ್ತಾ, ಸೊಪ್ಪು ಬಿಡಿಸುತ್ತಾ ಫ್ರಿಜ್ ಕಡೆಗೇ ನೋಡುತ್ತಿದ್ದಳು. ಅಲ್ಲಿ ಒಬ್ಬ ಗಂಡಸು ಬೆಳಗಿನಿಂದ ಸಂಜೆಯವರೆಗೆ ನಗುನಗುತ್ತಾ ಬಾಣಲೆ ಮಾರುತ್ತಿದ್ದ. ಹಿಂದಿನ ಕೋಣೆಗೆ ಹೋಗಿ ರಿಮೋಟ್ ಎತ್ತಿಕೊಂಡು ತನ್ನ ಧಾರಾವಾಹಿ ಹಾಕಿಕೊಳ್ಳಲು ಅವಳಿಗೆ ಈಗ ಯಾರ ಅಡ್ಡಿಯೂ ಇರಲಿಲ್ಲ.