ತೋಟದ ಬಾವಿಗೆ ಕೂಡಿಸಿದ ಪಂಪು

ವಿಕ್ರೋಳಿಯ ಆ ಬಿಲ್ಡಿಂಗ್ ಎದ್ದದ್ದು ತರಕಾರಿ ತೋಟವಿದ್ದ ಜಾಗದಲ್ಲಿ. ತೋಟ ಹೋದರೂ ಬಾವಿ ಉಳಿದಿತ್ತು. ಎಂಬತ್ತೇಳರ ಬೇಸಿಗೆಯಲ್ಲಿ ನಳದ ನೀರು ಸಾಲದಾದಾಗ ಸೊಸೈಟಿಯ ಸೆಕ್ರೆಟರಿ ಸತ್ಯಮೂರ್ತಿ ಬಾವಿಯ ಹೂಳು ತೆಗೆಸಿ, ಪಂಪು ಕೂಡಿಸಿ, ಆ ನೀರನ್ನು ಅಡುಗೆಮನೆಗಳಿಗೆ ಬಿಡಲು ಹೊರಟರು.

ಸುದ್ದಿ ಕೇಳಿದ ಮೂರನೇ ಮಾಳಿಗೆಯ ಅಂಬವ್ವ ಸತ್ಯಮೂರ್ತಿಯವರ ಬಳಿ ಓಡಿದಳು. ಗಂಡನಿಗೆ ಫ್ಯಾಕ್ಟರಿಯಲ್ಲಿ ಕೆಲಸ ಸಿಗುವ ಮೊದಲು ಅವಳು ಅದೇ ತೋಟದಲ್ಲಿ ಕೂಲಿ ಮಾಡಿದ್ದಳು. ಹುಳದ ಔಷಧ ಕಲಸುತ್ತಿದ್ದುದು, ಅದರ ಡಬ್ಬಿ ತೊಳೆಯುತ್ತಿದ್ದುದು ಬಾವಿಯ ಕಟ್ಟೆಯ ಮೇಲೆಯೇ.

"ಸಾಹೇಬ್ರ, ಮೊದಲ ನೀರು ಟೆಸ್ಟ್ ಮಾಡಸ್ರಿ" ಎಂದಳು.

"ಬ್ಲೀಚಿಂಗ್ ಪೌಡರ್ ಹಾಕ್ಸಿದೀನಮ್ಮ. ಸುಮ್ನೆ ಜನರನ್ನ ಹೆದರಿಸ್ಬೇಡಿ."

"ಅದರಿಂದ ಹುಳಾ ಸಾಯ್ತಾವ. ಹುಳಾ ಕೊಲ್ಲೊ ಔಷಧ ಹೋಗ್ತೈತೇನ್ರಿ?"

"ನೀವು ಕೆಮಿಸ್ಟ್ರಿ ಯಾವಾಗ ಓದಿದ್ರಿ?" ಎಂದು ಅವರು ನಕ್ಕರು.

ಆ ನಗುವಿಗೆ ಅವಳ ಮೈ ಉರಿಯಿತು. ಮರುದಿನ ಬಾಟಲಿಯಲ್ಲಿ ನೀರು ತುಂಬಿಕೊಂಡು, ಲೋಕಲ್ ರೈಲು ಹತ್ತಿ, ನೀರು ಪರೀಕ್ಷಿಸುವ ಲ್ಯಾಬ್ ಹುಡುಕಿಕೊಂಡು ಹೋದಳು. ಸೊಸೈಟಿಯ ಹೆಸರು ಕೇಳಿದ ಗುಮಾಸ್ತ ರಿಜಿಸ್ಟರ್ ತಿರುವಿ ಮರಾಠಿಯಲ್ಲಿ ಹೇಳಿದ: ಈ ನೀರಿನ ಟೆಸ್ಟ್ ಹೋದ ತಿಂಗಳೇ ಆಗಿದೆ, ಕುಡಿಯಲು ಯೋಗ್ಯವಲ್ಲವೆಂದು ಸೆಕ್ರೆಟರಿಗೆ ಬರೆದುಕೊಟ್ಟಿದ್ದೇವೆ.

ಸಂಜೆ ಅಂಬವ್ವ ಸೊಸೈಟಿಯ ಮೀಟಿಂಗಿನಲ್ಲಿ ಎಲ್ಲರೆದುರು ಎದ್ದು ನಿಂತಳು. "ಗೊತ್ತಿದ್ದೂ ಮುಚ್ಚಿಟ್ರೇನ್ರಿ?"

ಸತ್ಯಮೂರ್ತಿ ಮುಖ ಕೆಂಪಗೆ ಮಾಡಿಕೊಂಡು, "ನೀರಿಲ್ಲ ಅಂತ ದಿನಾ ಬೈತಿದ್ದವರು ನೀವೇ ಅಲ್ವಾ?" ಎಂದರು.

"ಬೈದೇವಿ. ಅದಕ್ಕ ಮಕ್ಕಳಿಗೆ ವಿಷಾ ಕುಡಸ್ತೀರೇನು?"

ಮರುದಿನವೇ ಪ್ಲಂಬರ್ ಬಂದು ಪೈಪನ್ನು ಸಂಡಾಸಿನ ಟಾಕಿಗೆ ತಿರುಗಿಸಿದ. ಸತ್ಯಮೂರ್ತಿ ಮಾತ್ರ ಸೆಕ್ರೆಟರಿಯಾಗಿಯೇ ಉಳಿದರು. ಒಬ್ಬರೂ ಅವರನ್ನು ಇಳಿಸುವ ಮಾತೆತ್ತಲಿಲ್ಲವೆಂಬ ಸಿಟ್ಟು ಅಂಬವ್ವನಿಗೆ ಇಂದಿಗೂ ಆರಿಲ್ಲ.