ಬೇರೆ ಯಾರದೋ ಹಳಿ

ಆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವಳನ್ನು ಎಲ್ಲರೂ ಪೈಲಟಮ್ಮ ಎಂದೇ ಕರೆಯುತ್ತಿದ್ದರು. ವಾರದಲ್ಲಿ ಆರು ದಿನ ಜನರ ಮೂಗಿನ ಮೇಲೆ ಫ್ರೇಮು ಕೂರಿಸಿ, ಗೋಡೆಯ ಮೇಲಿನ ಅಕ್ಷರ ಓದಿಸುವವಳು ಏಳನೆಯ ದಿನ ಊರಾಚೆಯ ವಿಮಾನ ಹಾರಾಟದ ಕ್ಲಬ್ಬಿಗೆ ಹೋಗಿ ಎರಡು ಸೀಟಿನ ಪುಟ್ಟ ವಿಮಾನ ಹತ್ತುತ್ತಿದ್ದಳು. ಲೈಸೆನ್ಸು ಕೈಗೆ ಬಂದಾಗ ಅವಳಿಗೆ ನಲವತ್ತೆರಡು ವರ್ಷ. ಗಂಡನಿಗೆ ಏಣಿ ಹತ್ತಿದರೂ ತಲೆ ಸುತ್ತುತ್ತಿತ್ತು. “ನೀನು ಆಕಾಶ ನೋಡ್ಕೋ, ನಾನು ನೆಲ ನೋಡ್ಕೋತೀನಿ” ಎಂದು ಅವನು ಮೊದಲೇ ಜಾರಿಕೊಂಡಿದ್ದ.

ಹಾರುವ ಆಸೆ ಇದ್ದದ್ದು ಮಾವನಿಗೆ. ಅವರು ರೈಲ್ವೆಯಲ್ಲಿ ಹಳಿ ತಪಾಸಣೆಯ ಕೆಲಸದಲ್ಲಿ ಮೂವತ್ಮೂರು ವರ್ಷ ಒಂದೇ ಲೈನಿನ ಮೇಲೆ ನಡೆದವರು. ಸುತ್ತಿಗೆಯಿಂದ ಒಮ್ಮೆ ಟಣ್ ಎನ್ನಿಸಿದರೆ ಸಾಕು, ಯಾವ ಬೋಲ್ಟು ಸಡಿಲ ಎಂದು ಕಿವಿಯಲ್ಲೇ ಹೇಳುತ್ತಿದ್ದರಂತೆ. ಒಂದು ಸಂಜೆ ಬಟಾಣಿ ಬಿಡಿಸುತ್ತ ಕೂತವರು ಇದ್ದಕ್ಕಿದ್ದಂತೆ ಅಂದರು: “ಆ ಲೈನನ್ನ ನಾನು ಪೂರ್ತಿಯಾಗಿ ಒಂದ್ಸಲವೂ ನೋಡಿಲ್ಲ ಕಣಮ್ಮ. ಬರೀ ಕಾಲ ಕೆಳಗಿಂದು ನೋಡಿದೀನಿ ಅಷ್ಟೆ.”

“ಅದಕ್ಕೇನು, ಕರ್ಕೊಂಡು ಹೋಗ್ತೀನಿ. ಆದ್ರೆ ಒಂದು ಷರತ್ತು.”

ಷರತ್ತು ಏನೆಂದು ಮಾವನಿಗೆ ಹೇಳಬೇಕಾಗಿರಲಿಲ್ಲ. ಕಾರಿನಲ್ಲಿ ಅವಳ ಪಕ್ಕ ಕೂತರೆ ಅವರ ಬಾಯಿ ನಿಲ್ಲುತ್ತಿರಲಿಲ್ಲ. ನಿಧಾನ, ಬ್ರೇಕು, ಅಗೋ ಸೈಕಲ್ಲು ಎಂದು ಮನೆ ಮುಟ್ಟುವವರೆಗೆ ಅವಳ ಜೀವ ಹಿಂಡುತ್ತಿದ್ದರು.

“ಬಾಯಿಗೆ ಬೀಗ” ಎಂದರು ಮಾವ. “ಬೀಗದ ಕೈ ನಿನ್ನ ಹತ್ರಾನೇ ಇರ್ಲಿ.”

ಹೊರಟ ದಿನ ಆಕಾಶ ತಿಳಿಯಾಗಿತ್ತು. ನಕ್ಷೆಯ ಮೇಲೆ ಪೆನ್ಸಿಲಿನ ಗೆರೆ ಎಳೆದು, ಮಡಚಿ, ಪೈಲಟಮ್ಮ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮೂವತ್ತೆಂಟು ನಿಮಿಷ ಹಾರಿದರೆ ರೈಲ್ವೆ ಲೈನು, ಅದರ ಪಕ್ಕ ಒಂದು ದೊಡ್ಡ ಕೆರೆ, ಇಟ್ಟಿಗೆಗೂಡಿನ ಚಿಮಣಿ. ಆ ವಿಮಾನದಲ್ಲಿ ದಿಕ್ಕು ತೋರಿಸುವ ದುಂಡನೆಯ ಗಡಿಯಾರದಂಥ ಉಪಕರಣವೊಂದಿದೆ. ಅದು ಹೋಗುತ್ತ ಹೋಗುತ್ತ ತನ್ನಷ್ಟಕ್ಕೆ ಸರಿದಿಕ್ಕಿನಿಂದ ಜಾರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಮೇಲಿನ ದಿಕ್ಸೂಚಿಯನ್ನು ನೋಡಿ ಅದನ್ನು ಸರಿಪಡಿಸಬೇಕು. ಮೊದಲ ಸಲ ಸರಿಪಡಿಸಿದಳು. ಎರಡನೆಯ ಸಲದ ಹೊತ್ತಿಗೆ ಕೆಳಗೆ ಕುರಿಮಂದೆಯೊಂದು ಹಿಟ್ಟು ಚೆಲ್ಲಿದಂತೆ ಹರಡಿಕೊಂಡು ಹೋಗುತ್ತಿತ್ತು. ಅದನ್ನು ಮಾವನಿಗೆ ತೋರಿಸುವ ಸಂಭ್ರಮದಲ್ಲಿ ಮರೆತೇಬಿಟ್ಟಳು.

ಲೈನು ಕಂಡಾಗ ನಲವತ್ತನಾಲ್ಕು ನಿಮಿಷವಾಗಿತ್ತು. ಎದುರುಗಾಳಿ ಇದ್ದಿರಬೇಕು ಅಂದುಕೊಂಡಳು. ಕೆರೆಯ ಜಾಗದಲ್ಲಿ ಒಂದು ಹೊಂಡ ಕಂಡಿತು, ಬಿಸಿಲಿಗೆ ಬತ್ತಿರಬೇಕು. ಚಿಮಣಿ ಇರಲಿಲ್ಲ, ಕೆಡವಿರಬೇಕು. ಅಂಗಡಿಯಲ್ಲಿ ಇದೇ ತಪ್ಪನ್ನು ಅವಳು ದಿನವೂ ನೋಡುತ್ತಿದ್ದಳು. ಮಂಜುಮಂಜಾಗಿ ಒಂದಕ್ಷರ ಕಂಡರೆ ಸಾಕು, ಗಿರಾಕಿಗಳು ಇಡೀ ಸಾಲನ್ನು ಧೈರ್ಯವಾಗಿ ಒಪ್ಪಿಸಿಬಿಡುತ್ತಿದ್ದರು. ‘ಊಹೆ ಮಾಡ್ಬೇಡಿ, ಕಂಡಿದ್ದು ಮಾತ್ರ ಹೇಳಿ’ ಎಂದು ಅವರಿಗೆ ಗದರುತ್ತಿದ್ದವಳಿಗೆ ಆ ಗಳಿಗೆಯಲ್ಲಿ ಅದು ನೆನಪಾಗಲಿಲ್ಲ.

“ನೋಡಿ ಮಾವ, ನಿಮ್ಮ ಲೈನು!”

ಮಾವ ಹಣೆಯನ್ನು ಕಿಟಕಿಗೆ ಒತ್ತಿ ಕೆಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಅವಳ ಮುಖ ನೋಡಿದರು.

“ಚೆನ್ನಾಗಿದೆಯಮ್ಮ” ಎಂದರು. “ಎಷ್ಟು ಚೆನ್ನಾಗಿ ಕಾಣ್ಸುತ್ತೆ.”

ಅವಳು ಹಿಗ್ಗಿಹೋದಳು. ಹಳಿಯನ್ನೇ ಹಿಡಿದು ಹತ್ತು ನಿಮಿಷ ಹಾರಿಸಿದಳು. ಆಗ ಎಡಗಡೆ, ಮಾತಾಡಿಸುವಷ್ಟು ಹತ್ತಿರದಲ್ಲಿ, ಹಸಿರು ಬಣ್ಣದ ಹೆಲಿಕಾಪ್ಟರೊಂದು ಬಂದು ಜೊತೆಗೂಡಿತು. ತೆರೆದ ಬಾಗಿಲಲ್ಲಿ ಕೂತಿದ್ದ ಸೈನಿಕ ಒಂದು ಹಲಗೆ ಎತ್ತಿ ಹಿಡಿದಿದ್ದ. ಹಲಗೆಯ ಮೇಲೆ ದಪ್ಪಕ್ಷರದಲ್ಲಿ ರೇಡಿಯೊ ಸಂಖ್ಯೆ ಬರೆದಿತ್ತು.

ಪೈಲಟಮ್ಮ ತಕ್ಷಣ ಆ ಸಂಖ್ಯೆಗೆ ರೇಡಿಯೊ ತಿರುಗಿಸಿದಳು. ಒಂದು ಗಂಡು ಧ್ವನಿ ಅಂಚೆಕಚೇರಿಯ ಕಿಟಕಿಯಲ್ಲಿ ಮಾತಾಡುವಷ್ಟು ನಿರಾಳವಾಗಿ ಕೇಳಿತು: “ಬಿಳಿ ವಿಮಾನ, ನೀವು ಎಲ್ಲಿದ್ದೀರಿ ಅಂತ ಗೊತ್ತಾ?”

ಅವಳು ನಕ್ಷೆಯ ಮೇಲೆ ಬೆರಳಿಟ್ಟಳು. ಬೆರಳು ಎಲ್ಲೂ ನಿಲ್ಲಲಿಲ್ಲ.

“ಗೊತ್ತು ಅಂದ್ಕೊಂಡಿದ್ದೆ.”

“ಸರಿ. ನೀವೀಗ ಫಿರಂಗಿ ಅಭ್ಯಾಸದ ಮೈದಾನದ ಮೇಲಿದ್ದೀರಿ. ಗಾಬರಿ ಬೇಡ. ಹೆಲಿಕಾಪ್ಟರ್ ಹಿಂದೆ ಬನ್ನಿ, ನಮ್ಮಲ್ಲೇ ಇಳೀಬಹುದು.”

ಸೇನೆಯ ರನ್‌ವೇ ಎಷ್ಟು ಅಗಲವಿತ್ತೆಂದರೆ ಅವಳ ವಿಮಾನ ಅದರ ಮೇಲೆ ಅಂಗಳದಲ್ಲಿ ಬಿದ್ದ ಅಂಗಿಯ ಗುಂಡಿಯಂತೆ ಕಾಣುತ್ತಿತ್ತು. ಅಷ್ಟು ಮೃದುವಾಗಿ ಅವಳು ಜನ್ಮದಲ್ಲಿ ಇಳಿಸಿರಲಿಲ್ಲ. ನೋಡಿ ಮೆಚ್ಚುವ ಸ್ಥಿತಿಯಲ್ಲಿ ಮಾತ್ರ ಯಾರೂ ಇರಲಿಲ್ಲ.

ಅವರನ್ನು ಕೂರಿಸಿದ ಕೋಣೆಯಲ್ಲಿ ಒಂದು ಮೇಜು, ನಾಲ್ಕು ಕುರ್ಚಿ, ನೀರಿನ ಜಗ್ಗು, ಗೋಡೆತುಂಬ ನಕ್ಷೆ. ಕಾವಲಿನವನು ಬಾಗಿಲಾಚೆ ಹೋದದ್ದೇ ತಡ ಮಾವ ಪಿಸುಗುಟ್ಟಿದರು: “ನನಗೆ ಎದೆನೋವು ಬಂತು, ಅದಕ್ಕೆ ಗಡಿಬಿಡಿಯಲ್ಲಿ ದಾರಿ ತಪ್ತು ಅಂತ ಹೇಳ್ಬಿಡು. ಎಪ್ಪತ್ತು ವರ್ಷದೋನು, ಯಾರಾದ್ರೂ ನಂಬ್ತಾರೆ.”

ಅವಳು ಒಂದು ಕ್ಷಣ ಯೋಚಿಸಿದಳು. ಲೈಸೆನ್ಸು ಹೋಗಬಹುದು. ಮಾವ ಅದಾಗಲೇ ಎದೆಯ ಮೇಲೆ ಕೈ ಇಟ್ಟುಕೊಂಡು ತಾಲೀಮು ಶುರುಮಾಡಿದ್ದರು.

“ಅದು ಬಲಗಡೆ, ಮಾವ” ಎಂದಳು. “ಕೈ ತೆಗೀರಿ.”

ಒಳಬಂದ ಅಧಿಕಾರಿಗೆ ಐವತ್ತರ ಆಸುಪಾಸು. ಕನ್ನಡಕದ ಒಂದು ಕಡ್ಡಿ ಸಡಿಲವಾಗಿ ಗಾಜು ವಾಲಿತ್ತು; ಪೈಲಟಮ್ಮನ ಬೆರಳು ತಂತಾನೇ ತುರಿಸಿತು. ಅವರು ಕಾಗದ ಮುಂದಿಟ್ಟುಕೊಂಡು, “ಏನಾಯ್ತು ಹೇಳಿ. ಸುತ್ತಿಬಳಸೋದು ಬೇಡ” ಎಂದರು.

ಅವಳು ಹೇಳಿದಳು. ದಿಕ್ಕಿನ ಉಪಕರಣ ಸರಿಪಡಿಸದೆ ಬಿಟ್ಟದ್ದು, ಹೊಂಡವನ್ನು ಕೆರೆ ಮಾಡಿಕೊಂಡದ್ದು, ಇಲ್ಲದ ಚಿಮಣಿಯನ್ನು ಕೆಡವಿದ್ದು, ಎಲ್ಲ. ಹೇಳುತ್ತ ಹೇಳುತ್ತ ಕಿವಿ ಬಿಸಿಯಾಯಿತು, ಆದರೆ ದನಿ ಅಳುಕಲಿಲ್ಲ. ಅಧಿಕಾರಿ ಬರೆದುಕೊಂಡು ಮಾವನತ್ತ ತಿರುಗಿದರು.

“ನಿಮಗೇನಾದ್ರೂ ಅನುಮಾನ ಬಂತಾ?”

ಮಾವ ಸೊಸೆಯ ಮುಖ ನೋಡಿದರು, ನೆಲ ನೋಡಿದರು. “ಅನುಮಾನ ಅಲ್ಲ ಸ್ವಾಮಿ, ಖಾತ್ರಿನೇ ಇತ್ತು. ನಮ್ಮದು ಜೋಡಿ ಹಳಿ. ಅದು ಒಂಟಿ ಹಳಿ. ಬೇರೆ ಯಾರದೋ ಹಳಿ.”

ಅಧಿಕಾರಿಯ ಪೆನ್ನು ನಿಂತಿತು. ಪೈಲಟಮ್ಮ ಮಾವನನ್ನೇ ದಿಟ್ಟಿಸಿದಳು.

“ಮತ್ತೆ ಯಾಕೆ ಹೇಳ್ಲಿಲ್ಲ?” ಎಂದರು ಅಧಿಕಾರಿ.

“ಅಷ್ಟು ಖುಷಿಯಾಗಿ ತೋರಿಸ್ತಿದ್ಳು” ಎಂದರು ಮಾವ. “ಅಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಣ್ಗಾವಲಿನ ಹುಡುಗಿ ನಿಮ್ಮ ವಿಮಾನ ನೋಡಿದಾಗ ಫಿರಂಗಿ ಹಾರಿಸೋಕೆ ಇನ್ನು ನಾಲ್ಕು ನಿಮಿಷ ಇತ್ತು. ಅವಳು ನೋಡದೇ ಇದ್ದಿದ್ರೆ ಅನ್ನೋದನ್ನ ನಾನು ಯೋಚಿಸೋಕೆ ಹೋಗಲ್ಲ. ನೀವು ಸ್ವಲ್ಪ ಯೋಚ್ನೆ ಮಾಡಿ.” ಅವರು ದನಿಯೇರಿಸಲಿಲ್ಲ. ಚಹಾ ತರಿಸಿದರು. ವರದಿ ವಿಮಾನಯಾನ ಇಲಾಖೆಗೆ ಹೋಗುತ್ತದೆ, ಸತ್ಯ ಹೇಳಿದ್ದನ್ನೂ ಅದರಲ್ಲಿ ಬರೆಯುತ್ತೇನೆ ಎಂದರು.

ಇಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು. ಅವಳು ಕೈಗಡಿಯಾರದಲ್ಲಿ ನಾಲ್ಕು ನಿಮಿಷ ಸರಿಯುವುದನ್ನು ನೋಡಿದಳು.

“ಹಳೀಲಿ ಕೂದಲಷ್ಟು ಬಿರುಕು ಕಂಡ್ರೂ ಕೆಂಪು ಬಾವುಟ ಹಿಡಿದು ರೈಲು ನಿಲ್ಲಿಸ್ತಿದ್ದೆ” ಎಂದರು ಮಾವ. “ಯಾರು ಬೈದ್ರೂ ಕೇರ್ ಮಾಡ್ತಿರ್ಲಿಲ್ಲ. ಇವತ್ತು ಏನಾಯ್ತೋ ನನಗೆ.”

“ತಪ್ಪು ನಂದು ಮಾವ. ದಾರಿ ನೋಡೋ ಕೆಲಸ ನಂದು. ನಿಮ್ಮ ಬಾಯಿ ಕಟ್ಟಿದ್ದೂ ನಾನೇ.” ಆಮೇಲೆ ಅವರತ್ತ ತಿರುಗಿ ಕೇಳಿದಳು: “ಆದ್ರೂ, ‘ಎಷ್ಟು ಚೆನ್ನಾಗಿ ಕಾಣ್ಸುತ್ತೆ’ ಅಂದ್ರಲ್ಲ?”

“ಅದು ಸುಳ್ಳಲ್ಲ. ಚೆನ್ನಾಗೇ ಇತ್ತು. ನಮ್ಮದಲ್ಲ ಅಷ್ಟೆ.”

ಅವಳಿಗೆ ನಗು ಬಂತು. ತಡೆದಷ್ಟೂ ಬಂತು. ಮಾವನೂ ಸೇರಿಕೊಂಡರು. ಕಾವಲಿನವನು ಇಣುಕಿ ನೋಡಿ, ಇವರಿಗೇನೋ ತಲೆ ಕೆಟ್ಟಿದೆ ಎಂಬಂತೆ ಬಾಗಿಲು ಎಳೆದುಕೊಂಡ.

ಮಧ್ಯಾಹ್ನ ಕ್ಲಬ್ಬಿನ ಬೋಧಕ ಜೀಪಿನಲ್ಲಿ ಬಂದ. ವಿಚಾರಣೆ ಮುಗಿಯುವವರೆಗೆ ಅವಳು ಹಾರಿಸುವಂತಿರಲಿಲ್ಲವಾದ್ದರಿಂದ ವಿಮಾನವನ್ನು ಅವನೇ ಒಯ್ಯಬೇಕು, ಜೀಪನ್ನು ಅವಳು. ಬೋಧಕನ ಪಕ್ಕದ ಸೀಟು ಖಾಲಿ ಇತ್ತು. ಮಾವ ಸಂಕೋಚದಿಂದ ಅವಳತ್ತ ನೋಡಿದರು.

“ಹೋಗಿ ಮಾವ” ಎಂದಳು. “ನಿಮ್ಮ ಲೈನಿನ ಮೇಲೇ ಕರ್ಕೊಂಡು ಹೋಗೋಕೆ ಹೇಳಿ. ದಾರಿ ತಪ್ಪಿದ್ರೆ ಅವನಿಗಾದ್ರೂ ಬಾಯ್ಬಿಟ್ಟು ಹೇಳಿ.”

ನಾಲ್ಕು ಗಂಟೆ ಜೀಪು ಓಡಿಸಿ ಅವಳು ಮನೆ ಸೇರಿದಾಗ ಮಾವ ಆಗಲೇ ಮುಖ ತೊಳೆದು ಕೂತಿದ್ದರು. ಜೋಡಿ ಹಳಿ ಕಂಡಿತಂತೆ. ಸೇತುವೆ, ತಿರುವು, ತಾನು ಮಳೆಗೆ ನಿಲ್ಲುತ್ತಿದ್ದ ತಗಡಿನ ಕೋಣೆ, ಎಲ್ಲ ಕಂಡಿತಂತೆ. “ಹನ್ನೊಂದು ನಿಮಿಷಕ್ಕೆ ಮುಗಿದ್ಹೋಯ್ತು ಕಣಮ್ಮ” ಎಂದರು, ನಂಬಲಾಗದವರಂತೆ. ಅದನ್ನು ತಾನು ತೋರಿಸಲಾಗಲಿಲ್ಲವಲ್ಲ ಎಂದು ಅವಳ ಮನಸ್ಸು ಸ್ವಲ್ಪ ಚುರುಕ್ಕೆಂದಿತು. ಗಂಡ ಊಟಕ್ಕೆ ಕರೆದ.

ಇಲಾಖೆ ಮೂರು ತಿಂಗಳು ಲೈಸೆನ್ಸು ತಡೆಹಿಡಿಯಿತು. ಮತ್ತೆ ಹಾರಬೇಕಾದರೆ ದಾರಿ ಹುಡುಕುವ ಪರೀಕ್ಷೆ ಹೊಸದಾಗಿ ಪಾಸಾಗಬೇಕು. ಅಂಗಡಿಗೆ ಬಂದವರು ಪೈಲಟಮ್ಮ ಎಂದಾಗಲೆಲ್ಲ ಅವಳು ತುಟಿ ಬಿಗಿದು ಗಾಜು ಒರೆಸುತ್ತಿದ್ದಳು. ಪರೀಕ್ಷೆಗಾಗಿ ಸೇರಿದ ಸಂಜೆಯ ಪಾಠವನ್ನು ಒಂದು ದಿನವೂ ತಪ್ಪಿಸಿಕೊಳ್ಳಲಿಲ್ಲ.

ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಪರೀಕ್ಷಕ ಮಿತಭಾಷಿ. ಅರ್ಧ ದಾರಿಯಲ್ಲಿ ಕೆಳಗೆ ಬೆರಳು ತೋರಿಸಿ, “ಅದು ಯಾವ ಊರು?” ಎಂದ.

ಅವಳು ದಿಕ್ಸೂಚಿ ನೋಡಿದಳು, ಗಡಿಯಾರ ನೋಡಿದಳು, ನಕ್ಷೆ ನೋಡಿದಳು. ನಾಲಿಗೆಯ ತುದಿಗೆ ಒಂದು ಹೆಸರು ಬಂದು ಕೂತಿತ್ತು.

“ಗೊತ್ತಿಲ್ಲ” ಎಂದಳು. “ಎರಡು ನಿಮಿಷ ಕೊಡಿ, ಹುಡುಕ್ತೀನಿ.”

ವಿಮಾನವನ್ನು ವಾಲಿಸಿ ಊರಿನ ಸುತ್ತ ಒಂದು ಸುತ್ತು ಬಂದಳು. ನದಿಯ ಕೊಂಕು, ಎರಡು ರಸ್ತೆ ಕೂಡುವ ಜಾಗ, ಗುಡ್ಡದ ಮೇಲಿನ ನೀರಿನ ಟ್ಯಾಂಕು, ಒಂದೊಂದನ್ನೇ ನಕ್ಷೆಗೆ ತಾಳೆ ನೋಡಿದಳು. ನಕ್ಷೆಯಲ್ಲಿ ಎಳೆದ ಗೆರೆಯಿಂದ ಮೂರು ಕಿಲೋಮೀಟರು ಪೂರ್ವಕ್ಕೆ ಸರಿದಿದ್ದಳು. ಊರಿನ ಹೆಸರು ಹೇಳಿದಳು. ನಾಲಿಗೆಯ ತುದಿಯಲ್ಲಿದ್ದ ಹೆಸರು ಅದಾಗಿರಲಿಲ್ಲ.

ಪರೀಕ್ಷಕ ತನ್ನ ನಕ್ಷೆಯನ್ನು ಮಡಚಿ ಜೇಬಿಗಿಟ್ಟುಕೊಂಡ. “ಸರಿ. ಮುಂದೆ ನಡೀರಿ” ಎಂದ.

ಅವಳು ವಿಮಾನವನ್ನು ಪಶ್ಚಿಮಕ್ಕೆ, ತನ್ನ ಗೆರೆಯ ಕಡೆಗೆ, ತಿರುಗಿಸಿದಳು.