ಕೆಂಪುಟೋಪಿ ಕುಳಿತಿದ್ದ ಕೊಂಬೆ

ದಂತವೈದ್ಯರು ಆಡಿದ ಮಾತಿಗೆ ತಪ್ಪುವವರಲ್ಲ. ಹಲ್ಲು ಕೀಳುವಾಗ ನೋಯುವುದಿಲ್ಲ ಎಂದರೆ ನೋಯುತ್ತಿರಲಿಲ್ಲ, ನೋಯುತ್ತದೆ ಎಂದರೆ ನೋಯುತ್ತಿತ್ತು. ಆದ್ದರಿಂದ, ಈ ಬೆಟ್ಟಸಾಲಿನಲ್ಲಿ ತಾವು ನೋಡದೆ ಉಳಿದಿರುವುದು ಒಂದೇ ಹಕ್ಕಿ, ಅದು ಕಂಡ ದಿನವೇ ದುರ್ಬೀನನ್ನು ಅಟ್ಟಕ್ಕೆ ಹಾಕಿ ಮನೆಯಲ್ಲಿ ಕೂರುತ್ತೇನೆ ಎಂದು ಅವರು ಹೇಳಿದಾಗ ಹೆಂಡತಿ ಅದನ್ನು ಪೂರ್ತಿ ನಂಬಿದರು. ನಂಬಿ ಹೆದರಿದರು.

ಹೆದರಿಕೆಗೆ ಆಧಾರವಿತ್ತು. ಕ್ಲಿನಿಕ್ ಮುಚ್ಚಿದ ಮೊದಲ ತಿಂಗಳು ದಂತವೈದ್ಯರು ಮನೆಯಲ್ಲೇ ಇದ್ದರು. ಅಡುಗೆಮನೆಯ ಡಬ್ಬಗಳು ಎತ್ತರದ ಪ್ರಕಾರ ಸಾಲಾಗಿ ನಿಂತವು. ಉಪ್ಪು, ಸಕ್ಕರೆ ಒಂದೇ ಎತ್ತರದವಾದ್ದರಿಂದ ಅಕ್ಕಪಕ್ಕ ಬಂದವು. ಚಾಕು, ಸೌಟು, ಇಕ್ಕಳಗಳನ್ನು ದಿನಾ ಬೆಳಿಗ್ಗೆ ಕುದಿಯುವ ನೀರಿಗೆ ಹಾಕಿ ತೆಗೆದು ಬಿಳಿ ಬಟ್ಟೆಯ ಮೇಲೆ ಒಣಗಿಸಲಾಯಿತು. ಹೆಂಡತಿ ಈರುಳ್ಳಿ ಹುರಿಯುವಾಗ ಅವರು ಹಿಂದೆ ನಿಂತು ಬಾಣಲೆಗೆ ಟಾರ್ಚ್ ಬಿಡುತ್ತಿದ್ದರು. ಅಷ್ಟರಲ್ಲಿ ಹಳೆಯ ರೋಗಿಯೊಬ್ಬರು ಅವರನ್ನು ಹಕ್ಕಿ ನೋಡಲು ಕರೆದುಕೊಂಡು ಹೋದರು. ಆ ರೋಗಿಯ ಆರೋಗ್ಯವನ್ನು ಹೆಂಡತಿ ಇಂದಿಗೂ ವಿಚಾರಿಸುತ್ತಿರುತ್ತಾರೆ.

“ಕೊನೆಯದು. ಇಬ್ಬರೂ ಸೇರಿ ನೋಡೋಣ, ಬಾ,” ಎಂದು ಈ ಸಲ ದಂತವೈದ್ಯರು ಕರೆದರು. ಬಾಯಿಬಿಟ್ಟು ಹೇಳಬಹುದಾದ ನೆಪ ಯಾವುದೂ ಸಿಗದೆ ಹೆಂಡತಿ ಹೊರಟರು.

ಬೆಟ್ಟದ ಮೇಲಿನ ವಸತಿಗೃಹದಲ್ಲಿ ಒಗೆದ ಬಟ್ಟೆ ಒಣಗುತ್ತಿರಲಿಲ್ಲ, ಒಗೆಯದ ಬಟ್ಟೆಯೂ ಒದ್ದೆಯಾಗಿರುತ್ತಿತ್ತು. ಕಿಟಕಿ ತೆರೆದರೆ ಮೋಡ ಒಳಗೇ ಬರುತ್ತಿತ್ತು. ಮೊದಲ ದಿನ ಸಂಜೆ ದಂತವೈದ್ಯರು ಸ್ನಾನಕ್ಕೆ ಹೋದಾಗ ಹೆಂಡತಿ ತಂಗಿಗೆ ಫೋನ್ ಮಾಡಿದರು.

“ಸಿಕ್ಕೇಬಿಟ್ರೆ ಏನಕ್ಕಾ ಮಾಡ್ತೀಯ?”

“ಮಂಜು ಜಾಸ್ತಿ ಇದೆ, ಸಿಗೋದು ಕಷ್ಟ ಅಂದ ಗೈಡ್. ಅವನ ಬಾಯಿಗೆ ಸಕ್ಕರೆ ಹಾಕ್ಬೇಕು.”

“ಭಾವ ಇಡೀ ದಿನ ಮನೇಲಿ! ಅಯ್ಯೋ. ತಡ್ಯೋಕಾಗದಿದ್ರೆ ನಮ್ಮನೆಗೆ ಬಂದ್ಬಿಡು.”

“ನಾನು ಬಂದ್ರೆ ಅವರೂ ಬರ್ತಾರಲ್ಲೇ.”

“ಹಾಗಾದ್ರೆ ಬೇಡ ಬಿಡು,” ಎಂದಳು ತಂಗಿ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಮೂವರೂ ಕಾಡಿನ ದಾರಿಯಲ್ಲಿದ್ದರು. ಅಲ್ಲಿ ಮರದ ತೊಗಟೆ ಯಾವ ಬಣ್ಣದ್ದು ಎಂದು ತಿಳಿಯುವುದಿಲ್ಲ. ಬುಡದಿಂದ ತುದಿಯವರೆಗೆ ಪಾಚಿ. ಮಳೆ ಇರಲಿಲ್ಲ, ಆದರೂ ಎಲ್ಲರ ಟೋಪಿಯ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಕಣಿವೆ ಕಾಣುವ ತಿರುವಿನಲ್ಲಿ ಗೈಡ್ ನಿಂತ. ಹುಡುಕುತ್ತಿದ್ದ ಹಕ್ಕಿಗೆ ಅವನು ಇಟ್ಟ ಹೆಸರು ಕೆಂಪುಟೋಪಿ. ಅದು ಬಂದರೆ ಕಣಿವೆಯ ಕಡೆಯಿಂದಲೇ ಬರಬೇಕು ಎಂದ. ದಂತವೈದ್ಯರು ಕಣಿವೆಗೆ ಮುಖಮಾಡಿ ನಿಂತು ದುರ್ಬೀನಿನ ಗಾಜು ಒರೆಸಿದರು, ನೋಡಿದರು, ಮತ್ತೆ ಒರೆಸಿದರು. ಹೆಂಡತಿ ಒಂದು ಪಕ್ಕಕ್ಕೆ, ಸ್ವಲ್ಪವೇ ಹಿಂದೆ, ಬಿದ್ದ ಮರದ ಮೇಲೆ ಕುಳಿತರು.

ಹಕ್ಕಿ ಕಣಿವೆಯ ಕಡೆಯಿಂದ ಬರಲಿಲ್ಲ. ದಂತವೈದ್ಯರ ಬೆನ್ನಿನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದ ಕೊಂಬೆಯ ಮೇಲೆ ಬಂದು ಕುಳಿತಿತು. ಕೆಂಪು ನೆತ್ತಿ, ಕಣ್ಣಿನ ಮೇಲೆ ಬಿಳಿ ಗೆರೆ. ದುರ್ಬೀನು ಬೇಕಾಗಿರಲಿಲ್ಲ.

ಗೈಡ್ ಬಾಯಿ ತೆರೆದ. ಹೆಂಡತಿ ತುಟಿಯ ಮೇಲೆ ಬೆರಳಿಟ್ಟರು. ಅದೇ ಕ್ಷಣ ದಂತವೈದ್ಯರು ಓರೆಗಣ್ಣಿನಲ್ಲಿ ಆ ಬೆರಳನ್ನು ಕಂಡು, ಹೆಂಡತಿಗೂ ಕೊನೆಗೆ ಕಾಡಿನ ಶಿಸ್ತು ಬಂತೆಂದು ಮೆಚ್ಚಿ ತಲೆಯಾಡಿಸಿ, ಉಸಿರು ಬಿಗಿಹಿಡಿದು ಕಣಿವೆಯನ್ನು ಇನ್ನಷ್ಟು ದಿಟ್ಟಿಸಿದರು.

ಹಕ್ಕಿ ಪಾಚಿ ಕೆದಕುತ್ತಿತ್ತು. ಹೆಂಡತಿ ಗಂಡನ ಕತ್ತನ್ನು ನೋಡಿದರು. ಕೆಲಸ ಮಾಡಿದಷ್ಟು ವರ್ಷ ಬೇರೆಯವರ ಬಾಯಿಯ ಮೇಲೆ ಬಾಗಿದ್ದ ಕತ್ತು. ಈಗ ನೆಟ್ಟಗೆ ನಿಲ್ಲಲು ಕಷ್ಟಪಡುತ್ತಿತ್ತು. ಕಾಲರಿನೊಳಗೆ ನೀರಿಳಿಯುತ್ತಿದ್ದರೂ ಅವರು ಕೈ ಎತ್ತಿ ಒರೆಸಿಕೊಳ್ಳಲಿಲ್ಲ, ಹಕ್ಕಿ ಬೆದರೀತೆಂದು. ಹೆಂಡತಿಗೆ ಪಾಪ ಅನ್ನಿಸಿತು. ಅಷ್ಟೇ ಕಾರಣ.

“ರೀ,” ಎಂದರು. “ಹಿಂದೆ ನೋಡಿ.”

ದಂತವೈದ್ಯರು ತಿರುಗಿದರು. ಹಕ್ಕಿ ಹಾರಲಿಲ್ಲ. ಒಂದು ಹುಳು ಎಳೆದು ನುಂಗಿತು, ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಅವರು ಬಹಳ ಹೊತ್ತು ನೋಡಿದರು.

“ಇದಲ್ಲ,” ಎಂದರು ಆಮೇಲೆ.

“ಸರ್?” ಎಂದ ಗೈಡ್. “ಇದೇ ಸರ್, ಕೆಂಪುಟೋಪಿ.”

“ಇಟ್ಟಿಗೆ ಬಣ್ಣ ಇದು. ನಂಗೆ ಬೇಕಾಗಿರೋದು ಕೆಂಪು.”

“ಮಂಜಲ್ಲಿ ಹಾಗೆ ಕಾಣುತ್ತೆ ಸರ್. ಹುಬ್ಬಿನ ಗೆರೆ ನೋಡಿ. ನಾನು ಹುಟ್ಟಿದಾಗಿಂದ ಇಲ್ಲೇ—”

“ನೋಡಪ್ಪಾ, ಕಟ್ಟಿಸಿದ ಹಲ್ಲಿಗೆ ಬಿಳಿಯಲ್ಲೇ ಹದಿನಾರು ಬಗೆ ಇದೆ. ಅದನ್ನ ಹೊಂದಿಸ್ತಾ ಮುದುಕ ಆದೋನು ನಾನು. ಬಣ್ಣದ ವಿಷಯ ನಂಗೆ ಹೇಳ್ಬೇಡ.”

ಹಕ್ಕಿ ನೋಡುವವರಲ್ಲಿ ತೀರ್ಪುಗಾರರಿಲ್ಲ. ನೋಡಿದವನೇ ಕಂಡಿತು ಎಂದರೆ ಕಂಡಂತೆ. ಅವನು ಒಪ್ಪದಿದ್ದರೆ ಹಕ್ಕಿ ಹೆಗಲ ಮೇಲೆ ಕುಳಿತರೂ ಲೆಕ್ಕಕ್ಕಿಲ್ಲ. ಗೈಡ್ ದಿಕ್ಕುಗಾಣದೆ ಹೆಂಡತಿಯ ಕಡೆ ತಿರುಗಿದ. “ಅಮ್ಮಾ, ನೀವಾದ್ರೂ ಹೇಳಿ.”

ಹೆಂಡತಿ ಗಂಡನ ಕೈ ನೋಡುತ್ತಿದ್ದರು. ಬೆರಳುಗಳು ದುರ್ಬೀನಿನ ಮುಚ್ಚಳವನ್ನು ತಲೆಕೆಳಗಾಗಿ ಹಾಕಲು ಹೊರಟಿದ್ದವು. ಎಂಥ ಹಲ್ಲು ಕೀಳುವಾಗಲೂ ತಪ್ಪದ ಕೈ.

“ನಂಗೂ ಇಟ್ಟಿಗೆ ಬಣ್ಣಾನೇ ಕಾಣ್ತಪ್ಪ,” ಎಂದರು.

ಹಕ್ಕಿ ಹಾರಿಹೋಯಿತು.

ಇಳಿಯುವಾಗ ಗೈಡ್ ಮುಖ ಬಿಗಿದುಕೊಂಡು ಮುಂದೆ ನಡೆದ. ಜಾರುವ ಜಾಗದಲ್ಲಿ ದಂತವೈದ್ಯರು ಹೆಂಡತಿಗೆ ಕೈ ಕೊಟ್ಟರು.

“ಹಾಗಾದ್ರೆ ನೀವು ಮತ್ತೆ ಬರ್ಬೇಕಾಗುತ್ತೆ,” ಎಂದರು ಹೆಂಡತಿ.

“ಬರ್ಲೇಬೇಕು. ಏನ್ಮಾಡೋದು. ನಿನ್ನ ಮಂಡಿಗೆ ಈ ಏರು ಆಗಲ್ಲ, ಅಲ್ವಾ?”

“ಆಗಲ್ಲ, ಆಗಲ್ಲ.” ಉತ್ತರ ಸ್ವಲ್ಪ ಬೇಗ ಬಂತು.

“ಒಂದು ವಾರ ಸಾಲದು ಅನ್ಸುತ್ತೆ.”

“ಎರಡು ವಾರ ಇದ್ದು ಬನ್ನಿ. ಮನೇಲಿ ಏನು ಹೊತ್ಕೊಂಡು ಉರೀತಿದ್ಯಾ?”

ಗೈಡ್ ತಿರುಗಿ ನಿಂತ. ಮುಖ ಇನ್ನೂ ಬಿಗಿದುಕೊಂಡೇ ಇತ್ತು. “ಮುಂದಿನ ಸಲ ಬಂದಾಗ ಯಾವ ಹಕ್ಕಿ ತೋರಿಸ್ಲಿ, ಸರ್?”

“ಅದನ್ನೇ,” ಎಂದರು ದಂತವೈದ್ಯರು.